ಪಿಟೀಲಿನ ಧ್ವನಿಮುದ್ರಣಗಳಿಂದ ಕಲಿಯತಕ್ಕ ಪಾಠ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಈ ಸಂಚಿಕೆಯ ಮೂಲಕ ಒಂದು ಸಂಗೀತಪಾಠವನ್ನು ಒಪ್ಪಿಸುತ್ತೇನೆ. ಒಂದೇ ವಾದ್ಯವಾದ ಪಿಟೀಲು ಐರ್ಲೆಂಡಿನಲ್ಲಿ ಒಂದು ನುಡಿಯನ್ನೂ ನಮ್ಮ ಮೈಸೂರು ಸೀಮೆಯಲ್ಲಿ ಇನ್ನೊಂದು ನುಡಿಯನ್ನೂ ಕಲಿತುಕೊಂಡಿತು. ಆ ನುಡಿಗಳನ್ನು ಯಂತ್ರದಲ್ಲಿ ಹಿಡಿದಿಟ್ಟುದರಿಂದ ಯಾವುದು ಉಳಿಯಿತು, ಯಾವುದು ಅಳಿಯಿತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದೇ ಈ ಪಾಠದ ವಿಷಯವು.

ಐರ್ಲೆಂಡು ಕನ್ನಡನಾಡಿನ ಸ್ತ್ರೀವಿದ್ಯಾಭ್ಯಾಸಕ್ಕೆ ಅಪರಿಚಿತವಾದ ದೇಶವಲ್ಲ. ಅಲ್ಲಿ ೧೮೭೮ರಲ್ಲಿ ಹುಟ್ಟಿ ಸಂಗೀತಶಾಸ್ತ್ರದಲ್ಲಿ ಶಿಕ್ಷಣ ಪಡೆದ ಮಾರ್ಗರೆಟ್ ಕಸಿನ್ಸ್ ಅವರು ೧೯೧೯-೨೦ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮುಖ್ಯಸ್ಥೆಯಾಗಿದ್ದರು. ೧೯೧೯ರಲ್ಲಿ ಕವಿ ರವೀಂದ್ರನಾಥ ಠಾಕೂರರು ಮದನಪಲ್ಲಿಯಲ್ಲಿ ‘ಜನಗಣಮನ’ವನ್ನು ಹಾಡಿದಾಗ ಅದರ ಸ್ವರಗಳನ್ನು ಬರೆದಿಟ್ಟುಕೊಂಡವರೂ ಈಕೆಯೇ. ಕಿವಿಗೆ ಬಿದ್ದ ಒಳ್ಳೆಯ ಹಾಡನ್ನು ಗಾಳಿಗೆ ಬಿಡದೆ ಹಿಡಿದಿಡಬೇಕೆಂಬ ಈ ಕಾಳಜಿಯನ್ನು ಓದುಗರು ಮೊದಲು ಗಮನಿಸಬೇಕು.

ಪಿಟೀಲು ಯೂರೋಪಿನಿಂದ ಬಂದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಯೂರೋಪಿನ ವಾದ್ಯಗಾರರಿಂದ ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಐರ್ಲೆಂಡಿನ ರೈತನು ಕುರ್ಚಿಯ ಮೇಲೆ ಕುಳಿತು ಅದನ್ನು ಭುಜಕ್ಕಾನಿಸಿ ನುಡಿಸುವನು. ನಮ್ಮ ವಿದ್ವಾಂಸರು ನೆಲದ ಮೇಲೆ ಕುಳಿತು ಅದರ ತುದಿಯನ್ನು ಕಾಲಿನ ಮೇಲಿರಿಸಿ ನುಡಿಸುವರು. ನಮ್ಮವರು ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿಕೊಂಡು, ಬೆರಳನ್ನು ತಂತಿಯ ಮೇಲೆ ಜಾರಿಸಿ ಗಮಕವನ್ನು ಹೊರಡಿಸುವರು. ಐರ್ಲೆಂಡಿನವರು ಬೆರಳನ್ನು ಕ್ಷಣಮಾತ್ರ ತಟ್ಟಿ ತೆಗೆದು, ಮೇಲಿನ ಸ್ವರವನ್ನೂ ಕೆಳಗಿನ ಸ್ವರವನ್ನೂ ಮುಟ್ಟಿಸಿ ಮೂಲ ಸ್ವರಕ್ಕೆ ಮರಳುವರು. ಇಬ್ಬರಿಗೂ ಅಲಂಕಾರವಿಲ್ಲದ ಸ್ವರವು ಉಪ್ಪಿಲ್ಲದ ಅಡಿಗೆಯಂತೆ. ಆದರೆ ಈ ಅಲಂಕಾರವನ್ನು ಕಾಗದದ ಮೇಲೆ ಬರೆದು ತೋರಿಸುವುದು ಬಹಳ ಕಷ್ಟ, ಕಿವಿಯಿಂದಲೇ ಕಲಿಯಬೇಕು. ಧ್ವನಿಮುದ್ರಣದ ದೊಡ್ಡ ಉಪಕಾರವು ಇಲ್ಲಿಯೇ ಇರುವುದು.

ಹಿಂದಿನ ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ೩ ನಿಮಿಷಗಳ ಅವಕಾಶವಿತ್ತು. ಐರ್ಲೆಂಡಿನ ‘ರೀಲ್’ ಎಂಬ ಕುಣಿತದ ಮಟ್ಟಿನಲ್ಲಿ ಸಾಮಾನ್ಯವಾಗಿ ಎರಡು ಖಂಡಗಳು. ಒಂದೊಂದನ್ನೂ ಎರಡೆರಡು ಸಲ ನುಡಿಸಿದರೂ ಒಂದು ಸುತ್ತಿಗೆ ಒಂದು ನಿಮಿಷವೂ ಹಿಡಿಯದು. ಆದುದರಿಂದ ಎರಡು ಮೂರು ಮಟ್ಟುಗಳನ್ನು ಪೋಣಿಸಿದರೂ ತಟ್ಟೆಯಲ್ಲಿ ಸ್ಥಳವು ಸಾಲುತ್ತಿತ್ತು. ನಮ್ಮ ರಾಗಾಲಾಪನೆಯ ಗತಿ ಬೇರೆ. ಕಛೇರಿಯಲ್ಲಿ ಅರ್ಧ ಗಂಟೆ ಅರಳುವ ರಾಗವನ್ನು ೩ ನಿಮಿಷಗಳೊಳಗೆ ತುಂಬುವುದೆಂದರೆ ಕಣಜದ ಭತ್ತವನ್ನು ಸೇರಿನಲ್ಲಿ ಅಳೆದು ತೋರಿಸಿದಂತೆಯೇ. ಆದಕಾರಣ ಹಳೆಯ ತಟ್ಟೆಯನ್ನು ಕೇಳಿ, ಆ ವಿದ್ವಾಂಸರ ವಿದ್ವತ್ತು ಅಷ್ಟೇ ಎಂದು ತೀರ್ಮಾನಿಸಬಾರದು.

ನಮ್ಮ ದೇಶದ ಆರಂಭದ ತಟ್ಟೆಗಳಲ್ಲಿ ಪ್ರಸಿದ್ಧವಾದುವು ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದುವು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುವುದನ್ನು ಅವುಗಳಲ್ಲಿ ಕೇಳಬಹುದು. ತಟ್ಟೆಗಳು ಜರ್ಮನಿಯಲ್ಲಿ ಅಚ್ಚಾಗುತ್ತಿದ್ದುದರಿಂದ, ಇದು ಯಾರ ಹಾಡೆಂದು ದೂರದ ಕೆಲಸಗಾರರಿಗೆ ತಿಳಿಯಲಿ ಎಂಬುದೇ ಅದರ ಉದ್ದೇಶ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆ ಹೇಳಿಕೊಂಡ ಹೆಸರು ಇಂದಿಗೂ ಕೇಳುತ್ತಿದೆ.

ಇನ್ನು ಪಿಟೀಲಿಗೆ ಬರೋಣ. ಕಾವೇರೀತೀರದ ತಿರುಮಕೂಡಲಿನಲ್ಲಿ ೧೮೯೫ರಲ್ಲಿ ಹುಟ್ಟಿದ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದರು. ಧ್ವನಿವರ್ಧಕಗಳಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದೆ ಕುಳಿತವರಿಗೂ ನಾದವು ಮುಟ್ಟಲೆಂದು, ೧೯೨೭ರ ಸುಮಾರಿಗೆ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಢಿಸಿಕೊಂಡರು. ಧ್ವನಿವರ್ಧಕವು ಎಲ್ಲೆಡೆಯೂ ಬಂದ ಮೇಲೆ ಹೆಚ್ಚಿನ ವಿದ್ವಾಂಸರು ನಾಲ್ಕು ತಂತಿಗಳಲ್ಲಿಯೇ ನಿಂತರು. ಚೌಡಯ್ಯನವರು ೧೯೬೭ರಲ್ಲಿ ಗತಿಸಿದರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿ ಕಟ್ಟಿರುವ ಸ್ಮಾರಕ ಭವನವು ಅವರ ಹೆಸರನ್ನು ಉಳಿಸಿರುವುದು. ಅವರ ನಾದವನ್ನು ಉಳಿಸಿರುವುದು ಚೆಂಬೈ ವೈದ್ಯನಾಥ ಭಾಗವತರೇ ಮೊದಲಾದವರೊಡನೆ ಅವರು ನುಡಿಸಿದ ಕಛೇರಿಗಳ ಧ್ವನಿಮುದ್ರಣಗಳು.

ಐರ್ಲೆಂಡಿನಲ್ಲಿ ಇದೇ ಯಂತ್ರವು ಬೇರೊಂದು ಕೆಲಸವನ್ನು ಮಾಡಿತು. ಸ್ಲೈಗೋ ಜಿಲ್ಲೆಯಲ್ಲಿ ೧೮೯೧ರಲ್ಲಿ ಹುಟ್ಟಿದ ಮೈಕೆಲ್ ಕೋಲ್ಮನ್ ಎಂಬ ಪಿಟೀಲುಗಾರನು ಹೊಟ್ಟೆಪಾಡಿಗಾಗಿ ಅಮೆರಿಕೆಗೆ ಹೋಗಿ, ೧೯೨೦ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅನೇಕ ತಟ್ಟೆಗಳಿಗೆ ನುಡಿಸಿದನು. ಆ ತಟ್ಟೆಗಳು ಕಡಲು ದಾಟಿ ತವರುನಾಡಿಗೆ ಬಂದುವು. ಹಳ್ಳಿಯ ಹುಡುಗರು ಅವುಗಳನ್ನು ಸವೆಯುವಷ್ಟು ಕೇಳಿ ಅಭ್ಯಾಸ ಮಾಡಿದರು. ಕ್ಷೀಣಿಸುತ್ತಿದ್ದ ಕಲೆಗೆ ಮಾನವೂ ಹುರುಪೂ ದೊರೆತುವು. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಕೋಲ್ಮನ್ನನಂತೆ ನುಡಿಸುವುದೇ ಸರಿ ಎಂಬ ಭಾವನೆಯು ಹಬ್ಬಿ, ತಟ್ಟೆಯ ಭಾಗ್ಯವಿಲ್ಲದ ಇತರ ಊರುಗಳ ಬಾನಿಗಳು ಹಿಂದೆ ಬಿದ್ದುವು. ಹೀಗೆ ಒಬ್ಬನ ಧ್ವನಿಯನ್ನು ಉಳಿಸಿದ ಯಂತ್ರವೇ, ನೆರೆಯವನು ತನ್ನ ಧ್ವನಿಗೆ ನಾಚಿಕೊಳ್ಳುವಂತೆಯೂ ಮಾಡಿತು.

ಪಕ್ಕವಾದ್ಯದ ವಿಚಾರವೂ ಗಮನಾರ್ಹವಾದುದು. ಆ ಹಳೆಯ ತಟ್ಟೆಗಳಲ್ಲಿ ಪಿಟೀಲಿಗೆ ಸಾಮಾನ್ಯವಾಗಿ ಪಿಯಾನೋ ಜೊತೆಗೂಡುತ್ತಿತ್ತು. ಅದು ಅನೇಕ ವೇಳೆ ಮಟ್ಟಿನ ಸ್ವಭಾವಕ್ಕೆ ಒಪ್ಪುತ್ತಿರಲಿಲ್ಲ. ೧೯೭೦ರ ದಶಕದಲ್ಲಿ ಗಿಟಾರು ಆ ಸ್ಥಾನಕ್ಕೆ ಬಂದಿತು. ಮಿಹಾಲ್ ಓ ಡೊನಲ್ ಎಂಬ ವಾದಕನು ಗಿಟಾರಿನ ಆರು ತಂತಿಗಳ ಶ್ರುತಿಯನ್ನು ಬದಲಾಯಿಸಿಕೊಂಡನು. ಅದನ್ನು ನಮ್ಮ ಸ್ವರಗಳಲ್ಲಿ ಹೇಳುವುದಾದರೆ ಸ, ಪ, ಸ, ಮ, ಪ, ಸ ಎಂದಾಗುವುದು. ತಂಬೂರಿಯ ಶ್ರುತಿಯನ್ನು ಬಲ್ಲ ನಮ್ಮ ಮಕ್ಕಳಿಗೆ ಇದರ ಗುಟ್ಟು ಕೂಡಲೇ ಹೊಳೆಯುವುದು. ಆತನು ಪಿಟೀಲುಗಾರ ಕೆವಿನ್ ಬರ್ಕನೊಡನೆ ೧೯೭೯ರಲ್ಲಿ ಹೊರತಂದ ‘ಪ್ರಾಮೆನೇಡ್’, ಮಾರ್ಟಿನ್ ಹೇಯ್ಸನ ಪಿಟೀಲೂ ಡೆನಿಸ್ ಕ್ಯಾಹಿಲ್ಲನ ಗಿಟಾರೂ ಕೂಡಿರುವ ೧೯೯೭ರ ‘ದಿ ಲೋನ್‌ಸಮ್ ಟಚ್’ ಎಂಬ ಧ್ವನಿಮುದ್ರಣಗಳು ಕೇಳತಕ್ಕವು. ಎರಡನೆಯದರಲ್ಲಿ ಗಿಟಾರು ಬಹಳ ಮಿತಭಾಷಿ. ಎಷ್ಟು ನುಡಿಸಬೇಕೆಂಬುದರೊಡನೆ ಎಲ್ಲಿ ಸುಮ್ಮನಿರಬೇಕೆಂಬುದನ್ನೂ ಬಲ್ಲವನೇ ಒಳ್ಳೆಯ ಜೊತೆಗಾರನು.

ಮನೆಯಲ್ಲಿ ಮಕ್ಕಳಿಗೆ ಇಂತಹ ಸಂಗೀತವನ್ನು ಕೇಳಿಸುವಾಗ ಒಂದೇ ಮುದ್ರಣವನ್ನು ನಾಲ್ಕು ಸಲ ಕೇಳಿಸಿರಿ. ಮೊದಲನೆಯ ಸಲ ಶ್ರುತಿಯನ್ನು ಗುನುಗಲಿ. ಎರಡನೆಯ ಸಲ ಕೈಯಲ್ಲಿ ತಾಳ ಹಾಕಲಿ. ಮೂರನೆಯ ಸಲ ಸ್ವರಕ್ಕೆ ಎಲ್ಲಿ ಅಲಂಕಾರ ಬಂದಿತೆಂದು ಬೆರಳೆತ್ತಿ ತೋರಿಸಲಿ. ನಾಲ್ಕನೆಯ ಸಲ ಪಕ್ಕವಾದ್ಯವನ್ನು ಮಾತ್ರ ಹಿಂಬಾಲಿಸಲಿ. ಕಿವಿಯು ಈ ಪ್ರಕಾರ ಪಳಗಿದರೆ ಹೊರನಾಡಿನ ಸಂಗೀತವೂ ಗದ್ದಲವೆನಿಸದು.

ಈಗ ಪಾಠದ ಮುಖ್ಯಾಂಶ. ಐರ್ಲೆಂಡಿನವರು ಪ್ರಸಿದ್ಧರ ತಟ್ಟೆಗಳಿಂದಲೇ ತೃಪ್ತರಾಗಲಿಲ್ಲ. ಅಲ್ಲಿಯ ಜಾನಪದ ಆಯೋಗವು ೧೯೩೫ರಲ್ಲಿ ಸ್ಥಾಪಿತವಾಯಿತು; ಅದರ ಪರವಾಗಿ ಸೇಮಸ್ ಎನ್ನಿಸ್ ೧೯೪೨ರಿಂದ ೧೯೪೭ರವರೆಗೆ ಬೈಸಿಕಲ್ಲಿನ ಮೇಲೆ ಊರೂರು ತಿರುಗಿ ಹಾಡುಗಳನ್ನು ಬರೆದುಕೊಂಡನು. ನಮ್ಮಲ್ಲಿಯೂ ಎಚ್. ಎಲ್. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಬಳಿಯ ಜಾನಪದ ಲೋಕವು ಅವರ ಪರಿಶ್ರಮದ ಫಲ. ಆದರೆ ಸಂಸ್ಥೆಯೊಂದು ಪ್ರತಿ ಮನೆಯ ಹೊಸಿಲಿಗೂ ಬರುವುದು ಅಶಕ್ಯ. ಕತ್ತಲಗೆರೆಯ ಸುತ್ತಣ ಊರುಗಳಲ್ಲಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಮನೆಗಳಲ್ಲಿಯೂ ತಾಂಡಾಗಳಲ್ಲಿಯೂ ಬೀಸುವ ಪದ, ಸೋಬಾನೆಪದ, ಲಂಬಾಣಿ ಹಾಡುಗಳನ್ನು ಬಲ್ಲ ತಾಯಂದಿರಿದ್ದಾರೆ. ಬೀಸುವ ಕಲ್ಲು ಮೂಲೆ ಸೇರಿದಾಗ ಅದರ ಹಾಡಿಗೂ ಕೆಲಸ ತಪ್ಪಿತು. ಹಾಡು ಉಳಿದಿರುವುದು ಕೆಲವು ಮುದುಕಿಯರ ನೆನಪಿನಲ್ಲಿ ಮಾತ್ರ. ‘ನಮ್ಮದೇನು ಹಾಡು, ಬಿಡ್ರೀ ಅಮ್ಮಾ’ ಎಂದು ಅವರು ಸಂಕೋಚಪಡುವುದಕ್ಕೆ, ಓದುಬರಹ ಕಲಿತ ನಾವು ಅವರ ಹಾಡನ್ನು ಒಮ್ಮೆಯೂ ಕೇಳದೆ ಹೋದುದೂ ಒಂದು ಕಾರಣವು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಕೈಯಲ್ಲಿರುವ ಮೊಬೈಲಿಗೆ ೩ ನಿಮಿಷಗಳ ಕಟ್ಟುಪಾಡಿಲ್ಲ. ಮುಂದಿನ ರಜೆಯಲ್ಲಿ ನಿಮ್ಮ ಅಜ್ಜಿಯ ಬಳಿ, ಅತ್ತೆಯ ಬಳಿ, ಪಕ್ಕದ ಮನೆಯ ಹಿರಿಯಳ ಬಳಿ ಕುಳಿತು, ಒಪ್ಪಿಗೆ ಪಡೆದು, ಒಂದು ಹಾಡನ್ನಾದರೂ ಪೂರ್ತಿಯಾಗಿ ಮುದ್ರಿಸಿಕೊಳ್ಳಿರಿ. ನಡುವೆ ಕೆಮ್ಮು ಬಂದರೂ ಕೋಳಿ ಕೂಗಿದರೂ ನಿಲ್ಲಿಸಬೇಡಿರಿ. ಪದಗಳನ್ನು ತಿದ್ದಬೇಡಿರಿ. ಹಾಡಿನ ಕೊನೆಯಲ್ಲಿ ಆಕೆಯ ಹೆಸರು, ಊರು, ಆ ಹಾಡನ್ನು ಆಕೆಗೆ ಕಲಿಸಿದವರ ಹೆಸರು, ಇವಿಷ್ಟನ್ನು ಆಕೆಯ ಬಾಯಿಂದಲೇ ಹೇಳಿಸಿರಿ. ಬಳಿಕ ಅದನ್ನು ನಿಮ್ಮ ಮಗಳಿಗೆ ಕಲಿಸಿರಿ. ಪೆಟ್ಟಿಗೆಯೊಳಗಿನ ಬೀಜವು ಹೊಲಕ್ಕೆ ಬಿದ್ದರಲ್ಲದೆ ಬೆಳೆಯಾಗದು.

ಐದು ರೊಟ್ಟಿಗಳಿಂದ ಜನಸಮೂಹವು ತೃಪ್ತಿಹೊಂದಿದ ಮೇಲೆ, ನಮ್ಮ ಸ್ವಾಮಿಯು ಉಳಿದ ತುಂಡುಗಳನ್ನು ವ್ಯರ್ಥಮಾಡದೆ ಕೂಡಿಸುವಂತೆ ಶಿಷ್ಯರಿಗೆ ಅಪ್ಪಣೆಕೊಟ್ಟ ಸಂಗತಿಯನ್ನು ನೀವು ಬೆಳಗಿನ ಆರಾಧನೆಯಲ್ಲಿ ಅನೇಕಾವರ್ತಿ ಕೇಳಿದ್ದೀರಿ. ತುಂಬಿದ ಪುಟ್ಟಿಗಳು ಹನ್ನೆರಡು. ನಮ್ಮ ಸೀಮೆಯ ಹಾಡುಗಳಿಗೆ ಒಂದು ಪುಟ್ಟಿಯನ್ನಾದರೂ ಹಿಡಿದು ನಿಲ್ಲುವುದು ಈ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ತಕ್ಕ ಸೇವೆಯೆಂದು ನಂಬುತ್ತೇನೆ.