ಹಸಿ ಮೀನು ಮತ್ತು ಯಕೃತ್ತಿನ ಹುಳು

1874ರಲ್ಲಿ ಕಲ್ಕತ್ತೆಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಇಪ್ಪತ್ತರ ಹರೆಯದ ಚೀನೀ ಬಡಗಿಯೊಬ್ಬನು ಮೃತನಾದನು. ಶವಪರೀಕ್ಷೆ ನಡೆಸಿದ ಡಾ. ಜೇಮ್ಸ್ ಮೆಕಾನೆಲ್ ಅವರಿಗೆ ಆತನ ಪಿತ್ತನಾಳಗಳಲ್ಲಿ ಎಲೆಯಾಕಾರದ ಚಪ್ಪಟೆ ಹುಳುಗಳು ಕಂಡವು. ಮರುವರ್ಷ ಅವರು ಅದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರ್ಣಿಸಿದರು. ಚೀನೀ ಯಕೃತ್ತಿನ ಹುಳು ವೈದ್ಯಶಾಸ್ತ್ರಕ್ಕೆ ಪರಿಚಯವಾದುದು ಹೀಗೆ. ಹುಳುವಿನ ತವರು ಕಲ್ಕತ್ತೆಯಲ್ಲ, ಪೂರ್ವ ಏಷ್ಯ. ಅದು ಮನುಷ್ಯನ ದೇಹದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬದುಕಬಲ್ಲುದಾದ್ದರಿಂದ, ಊರು ಬಿಟ್ಟವನೊಡನೆ ತಾನೂ ಊರು ಬಿಡುತ್ತದೆ.

ಇದರ ಹತ್ತಿರದ ಬಂಧುವಾದ ‘ಒಪಿಸ್ತೋರ್ಕಿಸ್ ವಿವೆರಿನಿ’ ಥಾಯ್ಲೆಂಡಿನ ಈಶಾನ್ಯ ಭಾಗದಲ್ಲೂ ಲಾವೋಸಿನಲ್ಲೂ ಬೇರೂರಿದೆ. ಅಲ್ಲಿಯ ಜನರಿಗೆ ‘ಕೊಯ್ ಪ್ಲಾ’ ಎಂಬ ವ್ಯಂಜನ ಪ್ರಿಯ. ಕೆರೆ ಹೊಳೆಗಳ ಸಣ್ಣ ಮೀನನ್ನು ಹಸಿಯಾಗಿಯೇ ಕೊಚ್ಚಿ, ನಿಂಬೆರಸ, ಮೆಣಸಿನಕಾಯಿ, ಸೊಪ್ಪುಗಳನ್ನು ಬೆರೆಸಿ ಅಂಟು ಅನ್ನದೊಡನೆ ಉಣ್ಣುತ್ತಾರೆ. ಹುಳಿ ತಾಗಿದೊಡನೆ ಮಾಂಸ ಬಿಳುಪೇರಿ ಬೆಂದಂತೆ ತೋರುತ್ತದೆ. ಮೋಸವಿರುವುದು ಇಲ್ಲಿಯೇ. ಮಾಂಸದೊಳಗೆ ಕೋಶ ಕಟ್ಟಿಕೊಂಡು ಕುಳಿತ ಮರಿಹುಳುವಿಗೆ ನಿಂಬೆಯ ಹುಳಿಯಾಗಲಿ ಮೆಣಸಿನ ಖಾರವಾಗಲಿ ಲೆಕ್ಕಕ್ಕಿಲ್ಲ.

ಹುಳುವಿನ ಮೊಟ್ಟೆಗಳು ಸೋಂಕಿತರ ಮಲದ ಮೂಲಕ ನೀರನ್ನು ಸೇರುತ್ತವೆ. ಅವನ್ನು ಒಂದು ಜಾತಿಯ ಬಸವನಹುಳು ನುಂಗುತ್ತದೆ. ಅದರೊಳಗೆ ಬೆಳೆದ ಮರಿಗಳು ಹೊರಬಂದು ಈಜಿ, ಗೆಂಡೆ ವರ್ಗದ ಮೀನುಗಳ ಮೈಯನ್ನು ಹೊಕ್ಕುತ್ತವೆ. ಅಂಥ ಮೀನನ್ನು ಬೇಯಿಸದೆ ತಿಂದವರ ಕರುಳಿನಲ್ಲಿ ಕೋಶ ಒಡೆದು, ಮರಿಹುಳು ಪಿತ್ತನಾಳಕ್ಕೆ ಏರಿ, ಸುಮಾರು ಒಂದು ತಿಂಗಳಲ್ಲಿ ಪ್ರೌಢವಾಗುತ್ತದೆ. ಬೆಕ್ಕು ನಾಯಿಗಳಲ್ಲೂ ಇದು ನೆಲೆಸುವುದರಿಂದ ಮನುಷ್ಯರಿಗೆ ಮಾತ್ರ ಔಷಧ ಕೊಟ್ಟರೆ ಸಾಲದು.

ಬಹುಮಂದಿಗೆ ವರ್ಷಗಟ್ಟಲೆ ಯಾವ ಬಾಧೆಯೂ ಕಾಣದು. ಹೆಚ್ಚೆಂದರೆ ಹೊಟ್ಟೆಯ ಬಲಮೇಲ್ಭಾಗದಲ್ಲಿ ಮಂದವಾದ ನೋವು, ಅಜೀರ್ಣ. ಆದರೆ ನಾಳದ ಗೋಡೆ ಸದಾ ಉರಿಯೂತಕ್ಕೊಳಗಾಗಿ ದಪ್ಪವಾಗುತ್ತದೆ, ಕೆಲವರಲ್ಲಿ ದಶಕಗಳ ಅನಂತರ ಅಲ್ಲಿಯೇ ಕ್ಯಾನ್ಸರ್ ಹುಟ್ಟುತ್ತದೆ. ಕಾಮಾಲೆ ಕಾಣಿಸಿಕೊಳ್ಳುವ ವೇಳೆಗೆ ಶಸ್ತ್ರಚಿಕಿತ್ಸೆಯ ಕಾಲ ಅನೇಕ ವೇಳೆ ಮೀರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ ಈ ಥಾಯ್ ಹುಳುವನ್ನೂ, 2009ರಲ್ಲಿ ಚೀನೀ ಹುಳುವನ್ನೂ ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿತು.

ಮಲಪರೀಕ್ಷೆಯಲ್ಲಿ ಮೊಟ್ಟೆ ಕಂಡುಬಂದರೆ ವೈದ್ಯರು ಪ್ರಾಜಿಕ್ವಾಂಟೆಲ್ ಮಾತ್ರೆ ಕೊಡುತ್ತಾರೆ, ಹುಳು ಸಾಯುತ್ತದೆ. ಮಾತ್ರೆಯ ಗುಣವೇ ಒಂದು ತೊಡಕಾದುದೂ ಉಂಟು. ಹೇಗೂ ಮದ್ದಿದೆಯಲ್ಲ ಎಂಬ ಧೈರ್ಯದಿಂದ ಮತ್ತೆ ಹಸಿ ಮೀನು ತಿಂದು ಮತ್ತೆ ಸೋಂಕು ತಂದುಕೊಂಡವರು ಅನೇಕರು. ನಾಲಗೆಯ ಅಭ್ಯಾಸಕ್ಕೆ ಮಾತ್ರೆ ಇಲ್ಲವಷ್ಟೆ! ಖೋನ್ ಕೇನ್ ಪ್ರಾಂತದ ಲಾವಾ ಸರೋವರದ ಸುತ್ತಣ ಹಳ್ಳಿಗಳಲ್ಲಿ ಜನರ ಚಿಕಿತ್ಸೆಯೊಡನೆ ಬೆಕ್ಕು ನಾಯಿಗಳ ಚಿಕಿತ್ಸೆಯನ್ನೂ, ಶಾಲಾ ಮಕ್ಕಳಿಗೆ ತಿಳಿವಳಿಕೆಯನ್ನೂ ಜೋಡಿಸಿದ ಮೇಲೆಯೇ ಸೋಂಕು ಗಣನೀಯವಾಗಿ ಇಳಿಯಿತು.

ಮೀನನ್ನು ಸಾರಿನಲ್ಲಿ ಕುದಿಸಿ ಉಣ್ಣುವ ಕನ್ನಡ ಮನೆಗಳಿಗೆ ಈ ಭಯವಿಲ್ಲ. ಪೂರ್ವದೇಶಗಳಿಗೆ ಪ್ರವಾಸ ಹೋಗುವವರು ಮಾತ್ರ ಸಿಹಿನೀರಿನ ಮೀನು ಒಳಗಿನವರೆಗೂ ಬೆಂದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಹಸಿಯಾಗಿ ಬಡಿಸುವ ಮೀನನ್ನು ಶೂನ್ಯಕ್ಕಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ 7 ದಿನ ಇಟ್ಟಿರಬೇಕೆಂಬುದು ನಿಯಮ. ಮನೆಯ ಫ್ರಿಜ್ಜಿನ ಮಂಜುಗಡ್ಡೆಯ ಗೂಡು ಎಲ್ಲ ವೇಳೆಯೂ ಅಷ್ಟು ತಣ್ಣಗಿರುವುದಿಲ್ಲ.