ವಾದ್ಯವನ್ನು ಬದಿಗಿಟ್ಟ ವಾದಕ: ರಾಲ್ಫ್ ಸ್ಟ್ಯಾನ್ಲಿ

ವಾದ್ಯವನ್ನು ನುಡಿಸುವ ಪರಿಣತಿ ಎಷ್ಟು ಮುಖ್ಯವೋ, ಅದನ್ನು ಎಲ್ಲಿ ನಿಲ್ಲಿಸಬೇಕೆಂಬ ವಿವೇಕವೂ ಅಷ್ಟೇ ಮುಖ್ಯವಾದುದು. ಅಮೆರಿಕದ ಬ್ಯಾಂಜೊ ವಾದಕ ಹಾಗೂ ಭಕ್ತಿಗೀತಕಾರ ರಾಲ್ಫ್ ಸ್ಟ್ಯಾನ್ಲಿಯವರ (1927–2016) ಜೀವನವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ವರ್ಜೀನಿಯಾ ರಾಜ್ಯದ ನೈಋತ್ಯ ಭಾಗದ ಡಿಕೆನ್ಸನ್ ಕೌಂಟಿಯು ಬೆಟ್ಟಗುಡ್ಡಗಳ ನಾಡು. ಅಲ್ಲಿ ಜನಿಸಿದ ರಾಲ್ಫರು ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಪರಿಸರದಲ್ಲಿ ಬೆಳೆದರು. ಆ ಪಂಥದ ಪ್ರಾರ್ಥನಾಮಂದಿರದೊಳಗೆ ವಾದ್ಯಗಳಿಗೆ ಪ್ರವೇಶವಿರಲಿಲ್ಲ. ಹಿರಿಯನೊಬ್ಬನು ಸಾಲನ್ನು ಹೇಳಿಕೊಡುವನು; ಸಭೆಯು ಅದನ್ನು ನಿಧಾನವಾಗಿ ಎಳೆದೆಳೆದು ಹಾಡುವುದು. ಮನೆಯಲ್ಲಾದರೋ ತಾಯಿ ಲೂಸಿಯವರು ಬ್ಯಾಂಜೊ ನುಡಿಸುತ್ತಿದ್ದರು. ಚರ್ಮ ಹೊದಿಸಿದ ದುಂಡು ಒಡಲು, ನೀಳವಾದ ಹಿಡಿ ಮತ್ತು ಐದು ತಂತಿಗಳುಳ್ಳ ಈ ವಾದ್ಯದ ಮೂಲವು, ಗುಲಾಮರನ್ನಾಗಿಸಿ ಕರೆತರಲಾದ ಆಫ್ರಿಕದ ಜನರ ಸೋರೆಬುರುಡೆಯ ವಾದ್ಯದಲ್ಲಿದೆ. ಐದು ಡಾಲರು ಬೆಲೆಯ ಹಂದಿ ಬೇಕೋ, ಅಷ್ಟೇ ಬೆಲೆಯ ಬ್ಯಾಂಜೊ ಬೇಕೋ ಎಂದು ತಾಯಿ ಕೇಳಿದಾಗ ಬಾಲಕನು ಬ್ಯಾಂಜೊವನ್ನೇ ಆರಿಸಿಕೊಂಡನು.

1946ರಲ್ಲಿ ರಾಲ್ಫರು ಅಣ್ಣ ಕಾರ್ಟರರೊಡನೆ 'ಕ್ಲಿಂಚ್ ಮೌಂಟನ್ ಬಾಯ್ಸ್' ತಂಡವನ್ನು ಕಟ್ಟಿದರು. ಬ್ರಿಸ್ಟಲ್ ನಗರದ ಬಾನುಲಿಯ ಮೂಲಕ ಅವರ ಸಂಗೀತವು ಬೆಟ್ಟದ ಹಳ್ಳಿಗಳನ್ನು ತಲುಪಿತು. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರುಗಳ ಮೇಳದೊಂದಿಗೆ ಏರುದನಿಯಲ್ಲಿ ಹಾಡುವ ಈ ಪ್ರಕಾರಕ್ಕೆ ಬಿಲ್ ಮನ್ರೋ ಅವರ ತಂಡದ ಹೆಸರಿನಿಂದ 'ಬ್ಲೂಗ್ರಾಸ್' ಎಂಬ ನಾಮಧೇಯ ಬಂದಿತು. ಮುಖ್ಯ ಗಾಯನವೂ ಸಭಿಕರೊಡನೆ ಸಂಭಾಷಣೆಯೂ ಕಾರ್ಟರರ ಪಾಲಿನವು; ಸಂಕೋಚ ಸ್ವಭಾವದ ತಮ್ಮನಿಗೆ ಬ್ಯಾಂಜೊ ಹಾಗೂ ಮೇಲುದನಿಯ ಗಾಯನ.

1966ರ ಡಿಸೆಂಬರ್ 1ರಂದು ಕಾರ್ಟರ್ ತಮ್ಮ 41ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಪ್ಪತ್ತು ವರ್ಷ ಅಣ್ಣನ ಮಗ್ಗುಲಲ್ಲಿ ನಿಂತಿದ್ದವರು ಈಗ ಮುಂದೆ ನಿಂತು ಹಾಡಬೇಕಾಯಿತು. ಈ ಸಂಕಟದಲ್ಲಿ ರಾಲ್ಫರು ಅಣ್ಣನನ್ನು ಅನುಕರಿಸಲಿಲ್ಲ. ಬಾಲ್ಯದ ಪ್ರಾರ್ಥನಾಮಂದಿರದ ಕಡೆಗೆ ಮುಖಮಾಡಿದರು. 1971ರ 'ಕ್ರೈ ಫ್ರಮ್ ದಿ ಕ್ರಾಸ್' ಧ್ವನಿಮುದ್ರಿಕೆಯಲ್ಲಿ ವಾದ್ಯಗಳನ್ನೆಲ್ಲ ನಿಲ್ಲಿಸಿ ಬರಿಯ ಕಂಠಗಳಿಂದ ಭಕ್ತಿಗೀತೆಯನ್ನು ಹಾಡಿಸಿದರು. ವೇಗದ ವಾದನಕ್ಕೆ ಹೆಸರಾದ ಬ್ಲೂಗ್ರಾಸ್‌ನಲ್ಲಿ ಇದೊಂದು ಹೊಸ ದಾರಿಯಾಯಿತು.

2000ದಲ್ಲಿ ತೆರೆಕಂಡ 'ಓ ಬ್ರದರ್, ವೇರ್ ಆರ್ಟ್ ದೌ?' ಚಲನಚಿತ್ರಕ್ಕಾಗಿ, ಮೃತ್ಯುವನ್ನೇ ಸಂಬೋಧಿಸುವ 'ಓ ಡೆತ್' ಎಂಬ ಹಳೆಯ ಗೀತೆಯನ್ನು ಅವರು ಹಾಡಿದರು. ಬ್ಯಾಂಜೊದೊಡನೆ ಹಾಡಿಸಬೇಕೆಂಬುದು ಸಂಗೀತ ನಿರ್ಮಾಪಕರ ಮೊದಲ ಯೋಚನೆಯಾಗಿತ್ತು. ವಾದ್ಯವಿಲ್ಲದೆ ಹಾಡುವೆನೆಂದು ಕೇಳಿಕೊಂಡವರು ರಾಲ್ಫರೇ. ಆ ಒಂಟಿದನಿಗೆ 2002ರಲ್ಲಿ, ಅವರ 75ನೆಯ ವಯಸ್ಸಿನಲ್ಲಿ, ಗ್ರ್ಯಾಮಿ ಪ್ರಶಸ್ತಿ ಸಂದಿತು.

ಬ್ಯಾಂಜೊ ಕಲಿಯದಿದ್ದರೆ ರಾಲ್ಫರು ಲೋಕಕ್ಕೆ ಪರಿಚಿತರಾಗುತ್ತಿರಲಿಲ್ಲ. ಅದನ್ನು ಕೆಳಗಿಡಲು ಅರಿಯದಿದ್ದರೆ ಅವರ ನಿಜವಾದ ದನಿ ಲೋಕಕ್ಕೆ ಕೇಳುತ್ತಿರಲಿಲ್ಲ. ದೀರ್ಘಾಭ್ಯಾಸದಿಂದ ಗಳಿಸಿದ ವಿದ್ಯೆಯನ್ನು ಪ್ರದರ್ಶಿಸದೆ, ಹಾಡಿನ ಭಾವಕ್ಕೆ ಅಧೀನಗೊಳಿಸಿದುದೇ ಅವರ ಸಾಧನೆ. ಯಾವ ವಿದ್ಯೆಯನ್ನು ಕಲಿಯುವವರಿಗೂ ಇದು ಮನನೀಯವಾದುದು.