ಅಂಟು ಪದಾರ್ಥಗಳ ಸುರಕ್ಷಿತ ರವಾನೆ: ಉದ್ದಿಮೆದಾರರು ಅರಿತಿರಬೇಕಾದ ಅಂಶಗಳು

ಲಾರಿ ಪಾರ್ಸೆಲ್ ಕಚೇರಿಯ ರಶೀದಿಗಳಲ್ಲಿ ‘ಗಮ್’ ಎಂಬ ಒಂದೇ ಪದದಡಿ ಹಲವು ಬಗೆಯ ಸರಕು ಸಾಗುವುದುಂಟು. ಮರಗೆಲಸದ ಬಿಳಿ ಅಂಟೂ ಗಮ್, ಪಾದರಕ್ಷೆ ಮತ್ತು ರೆಕ್ಸಿನ್ ಕೆಲಸಕ್ಕೆ ಬಳಸುವ ರಬ್ಬರ್ ಸೊಲ್ಯೂಷನ್ ಸಹ ಗಮ್. ಮೊದಲನೆಯದು ನೀರು ಬೆರೆತದ್ದು. ಸಾಗಣೆ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಅಪಾಯಕಾರಿ ಸರಕಲ್ಲ. ಎರಡನೆಯದರಲ್ಲಿ ಟಾಲ್ವೀನ್, ಹೆಕ್ಸೇನ್, ಅಸಿಟೋನ್ ಮುಂತಾದ ದ್ರಾವಕಗಳಿರುತ್ತವೆ. ಬೆಂಕಿಯ ಅಪಾಯವಿರುವುದು ಈ ದ್ರಾವಕಗಳಲ್ಲಿಯೇ.

ಕಿಡಿ ತಗುಲಿದೊಡನೆ ದ್ರವದ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಟಾಲ್ವೀನಿಗೆ ಇದು ಸುಮಾರು 4 ಡಿಗ್ರಿ ಸೆಲ್ಸಿಯಸ್; ಅಸಿಟೋನಿಗೆ ಶೂನ್ಯಕ್ಕಿಂತ ಸುಮಾರು 20 ಡಿಗ್ರಿ ಕೆಳಗೆ. ಅಂದರೆ ಬೆಂಗಳೂರಿನ ಡಿಸೆಂಬರ್ ರಾತ್ರಿಯ ಚಳಿಯಲ್ಲಿಯೂ ಸೋರುವ ಡಬ್ಬಿಯಿಂದ ಹೊತ್ತಿಕೊಳ್ಳಬಲ್ಲ ಆವಿ ಹೊರಬರುತ್ತಲೇ ಇರುತ್ತದೆ. ಈ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಡಿ, ದೂರದ ಕಿಡಿಯನ್ನೂ ತಲುಪಬಲ್ಲದು.

ವಿಶ್ವಸಂಸ್ಥೆಯ ವರ್ಗೀಕರಣದಲ್ಲಿ ಸುಡುವ ದ್ರವವುಳ್ಳ ಅಂಟುಗಳಿಗೆ ಯುಎನ್ 1133 ಎಂಬ ಸಂಖ್ಯೆಯಿದ್ದು, ಅವು 3ನೇ ವರ್ಗಕ್ಕೆ ಸೇರುತ್ತವೆ. ಫ್ಲ್ಯಾಶ್ ಪಾಯಿಂಟ್ 23 ಡಿಗ್ರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಎರಡನೇ ಪ್ಯಾಕಿಂಗ್ ಗುಂಪು, 23ರಿಂದ 60ರವರೆಗೆ ಮೂರನೆಯದು. ಎರಡನೇ ಗುಂಪಿನ ಸರಕನ್ನು ಪ್ರಯಾಣಿಕ ವಿಮಾನದಲ್ಲಿ ಪ್ಯಾಕೇಜೊಂದಕ್ಕೆ 5 ಲೀಟರ್, ಸರಕು ವಿಮಾನದಲ್ಲಿ 60 ಲೀಟರ್ ಮೀರಿ ಕಳುಹಿಸುವಂತಿಲ್ಲ.

ಎಲ್ಲ ಅಂಟುಗಳೂ ಈ ಸಂಖ್ಯೆಯಡಿ ಬರುವುದಿಲ್ಲ. ಕ್ಷಣದಲ್ಲಿ ಅಂಟುವ ಸಯನೊಅಕ್ರಿಲೇಟ್ ರಸ್ತೆಯಲ್ಲಿಯೂ ಹಡಗಿನಲ್ಲಿಯೂ ಸಾಮಾನ್ಯ ಸರಕು. ವಿಮಾನಕ್ಕೇರಿದೊಡನೆ ಯುಎನ್ 3334 ಆಗಿ 9ನೇ ವರ್ಗಕ್ಕೆ ಸೇರುತ್ತದೆ. ಅದರ ಆವಿ ಸಿಬ್ಬಂದಿಯ ಕಣ್ಣಿಗೆ ಉರಿ ತಂದರೆ ವಿಮಾನ ನಡೆಸುವುದೇ ಕಷ್ಟವಾದೀತೆಂಬುದು ಇದಕ್ಕೆ ಕಾರಣ. ಎಪಾಕ್ಸಿಯ ಗಟ್ಟಿಕಾರಕವು ಹಲವು ವೇಳೆ 8ನೇ ವರ್ಗದ ದಾಹಕ ವಸ್ತು. ಬಾಗಿಲ ಚೌಕಟ್ಟಿನ ಸಂದು ತುಂಬುವ ಫೋಮ್ ಡಬ್ಬಿಯು ಏರೋಸಾಲ್. ಇವೆಲ್ಲವನ್ನೂ ಒಂದೇ ರಟ್ಟಿನ ಪೆಟ್ಟಿಗೆಗೆ ತುಂಬಿ ‘ಹಾರ್ಡ್‌ವೇರ್ ಸಾಮಗ್ರಿ’ ಎಂದು ಬರೆಯುವುದು ತಪ್ಪು ಘೋಷಣೆಯೇ ಸರಿ. ತಯಾರಕರು ನೀಡುವ ಸುರಕ್ಷತಾ ಮಾಹಿತಿ ಪತ್ರದ 14ನೇ ಭಾಗದಲ್ಲಿ ಸಾಗಣೆ ವಿವರವಿರುತ್ತದೆ. ಬಿಲ್ ಬರೆಯುವ ಗುಮಾಸ್ತರ ಕೈಗೆ ಆ ಪುಟವನ್ನು ಕೊಡುವುದು ಕಷ್ಟದ ಕೆಲಸವೇನಲ್ಲ.

ಡಬ್ಬಿಗಳನ್ನು ಕಂಠಮಟ್ಟ ತುಂಬಬಾರದು. ಬಿಸಿಲಿಗೆ ದ್ರವ ಹಿಗ್ಗಿದಾಗ ಮುಚ್ಚಳ ಬಿಡುತ್ತದೆ. ಯುಎನ್ ಗುರುತುಳ್ಳ ಪರೀಕ್ಷಿತ ಡ್ರಮ್ಮು, ಪೆಟ್ಟಿಗೆಗಳಿಗೆ ಬೆಲೆ ಹೆಚ್ಚು. ರಫ್ತು ಸರಕು ಬಂದರಿನಲ್ಲಿ ತಿರಸ್ಕೃತಗೊಂಡರೆ ತಗಲುವ ಖರ್ಚಿನ ಮುಂದೆ ಅದು ದೊಡ್ಡದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 131ನೇ ನಿಯಮವು ಅಪಾಯಕಾರಿ ಸರಕಿನ ಪೂರ್ಣ ಮಾಹಿತಿಯನ್ನು ಸಾಗಣೆದಾರರಿಗೆ ಒದಗಿಸುವ ಹೊಣೆಯನ್ನು ಕಳುಹಿಸುವವರ ಮೇಲೆಯೇ ಹೊರಿಸಿದೆ.

ಖಾಲಿ ಡ್ರಮ್ಮುಗಳ ವಿಷಯದಲ್ಲಿ ಅಲಕ್ಷ್ಯ ಇನ್ನೂ ಹೆಚ್ಚು. 1996ರ ಮೇ 11ರಂದು ಅಮೆರಿಕದ ಫ್ಲಾರಿಡಾದಲ್ಲಿ ವ್ಯಾಲ್ಯೂಜೆಟ್ ವಿಮಾನ ಪತನಗೊಂಡು 110 ಮಂದಿ ಮಡಿದರು. ಅದರಲ್ಲಿದ್ದ ಆಮ್ಲಜನಕ ಉತ್ಪಾದಕ ಡಬ್ಬಿಗಳು ರವಾನೆ ಪತ್ರದಲ್ಲಿ ‘ಖಾಲಿ’ ಎಂದು ನಮೂದಾಗಿದ್ದವು, ವಾಸ್ತವದಲ್ಲಿ ಹಾಗಿರಲಿಲ್ಲ. ಅಂಟಿನ ಡ್ರಮ್ಮೂ ಬರಿದಾದ ಮೇಲೆ ಆವಿಯಿಂದ ತುಂಬಿರುತ್ತದೆ. ಅದನ್ನು ಶುಚಿಗೊಳಿಸುವವರೆಗೆ ಮುಚ್ಚಳ ಬಿಗಿದೇ ಇರಬೇಕು, ಮೂಲ ಲೇಬಲನ್ನು ಕೀಳಬಾರದು. ಗುಜರಿಗೆ ಮಾರುವವರು ಗ್ಯಾಸ್ ಕಟರ್ ಹಿಡಿಯುವ ಕೆಲಸಗಾರನಿಗೂ ಈ ವಿಷಯ ತಿಳಿಸಬೇಕು.